ನನಗಾಗಿ ಮಾಡುತ್ತಿದ್ದ ಯೋಗ, ಈಗ ಕೇರಿಯವರು "ನಮಗೂ ಕಲಿಸು" ಅನ್ನುತ್ತಿದ್ದಾರೆ

ಕಂಬಳಿಕೊಪ್ಪೆ | ಫೆಬ್ರವರಿ 9, ರಾತ್ರಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆ ದಾರಿಯಲ್ಲಿ ಸ್ವಲ್ಪ ಒಳಗೆ ಹೋದರೆ ನಮ್ಮ ಮನೆ. ಅಡಿಕೆ ತೋಟ, ಎರಡು ಹಸು, ಇಬ್ಬರು ಮಕ್ಕಳು. ಚಿಕ್ಕವಳು ಹುಟ್ಟಿದ ಮೇಲೆ ನನಗೆ ಸೊಂಟ ನೋವು ಹಿಡಿದುಕೊಂಡಿತ್ತು. ಬಗ್ಗಿ ಕೊಟ್ಟಿಗೆ ಗುಡಿಸಲಿಕ್ಕೂ ಆಗುತ್ತಿರಲಿಲ್ಲ. ಆಗ ಪೇಟೆಯಲ್ಲಿ ಒಂದು ತಿಂಗಳ ಬೆಳಗಿನ ಯೋಗ ತರಗತಿಗೆ ಹೋದೆ. ಅದಾಗಿ ಹನ್ನೊಂದು ವರ್ಷ. ತರಗತಿ ಮುಗಿದರೂ ನಾನು ಬಿಡಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು, ಒಲೆ ಹಚ್ಚುವ ಮೊದಲು, ಉಪ್ಪರಿಗೆಯಲ್ಲಿ ಕಂಬಳಿ ಹಾಸಿಕೊಂಡು ಮುಕ್ಕಾಲು ಗಂಟೆ. ಯಾರಿಗೂ ತೋರಿಸಿದ್ದಿಲ್ಲ. ಮನೆಯವರಿಗೂ ಅದು ಅವಳ ಹೊತ್ತು ಅಂತ ರೂಢಿಯಾಗಿದೆ.

ಈ ಸಲ ಅಡಿಕೆ ಸುಲಿಯುವಾಗ ವಿಷಯ ಹೊರಗೆ ಬಂತು. ರಾತ್ರಿ ಹತ್ತು, ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಬಗ್ಗಿ ಕೂರುವುದು ಅಂದರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಏಳುವಾಗ ಎಲ್ಲರೂ ಸೊಂಟಕ್ಕೆ ಕೈ ಕೊಟ್ಟುಕೊಂಡೇ ಏಳುವುದು. ಮೇಲಿನ ಮನೆ ದೊಡ್ಡಮ್ಮ ಒಂದು ದಿನ ಕೇಳಿದರು, "ನಿಂಗೊಬ್ಬಳಿಗೆ ಎಂಥ ನೋವೂ ಇಲ್ವನೇ?" ಹೇಳಿದೆ. ಮಾರನೇ ದಿನದಿಂದ ಆರು ಜನ ಹಿಂದೆ ಬಿದ್ದಿದ್ದಾರೆ. ಎಲ್ಲರಿಗಿಂತ ಚಿಕ್ಕವಳಿಗೆ 29, ದೊಡ್ಡಮ್ಮನಿಗೆ 67.

ನನ್ನ ಹತ್ತಿರ ಸರ್ಟಿಫಿಕೇಟ್ ಇಲ್ಲ. ಅದಕ್ಕಿಂತ ದೊಡ್ಡ ಹೆದರಿಕೆ ಇನ್ನೊಂದಿದೆ. ಮೂರು ವರ್ಷದ ಹಿಂದೆ ನಾದಿನಿಗೆ ಪಶ್ಚಿಮೋತ್ತಾನಾಸನ, ಅಂದರೆ ಕಾಲು ಚಾಚಿ ಕೂತು ಮುಂದಕ್ಕೆ ಬಗ್ಗುವುದು, ಹೇಳಿಕೊಟ್ಟೆ. ಅವಳ ಕೈ ಕಾಲ್ಬೆರಳಿಗೆ ಎಟುಕುತ್ತಿರಲಿಲ್ಲ. ಬೆನ್ನ ಮೇಲೆ ಕೈ ಇಟ್ಟು ಸ್ವಲ್ಪ ಒತ್ತಿದೆ. ಸ್ವಲ್ಪವೇ. ಅವಳಿಗೆ ಒಂದು ವಾರ ನೆಟ್ಟಗೆ ಕೂರಲಿಕ್ಕೆ ಆಗಲಿಲ್ಲ. ಅವಳು ಅದನ್ನು ಮರೆತಿದ್ದಾಳೆ. ನನಗೆ ಆಗಿಲ್ಲ.

ಮಾಡಲಿಕ್ಕೆ ನನಗೆ ಬರುತ್ತದೆ. ಕಲಿಸಲಿಕ್ಕೆ ಬರುತ್ತದಾ ಅಂತ ಗೊತ್ತಿಲ್ಲ. ಅನುಭವ ಇದ್ದವರು ಹೇಳಿ.

ಹೊಸನಗರದ ಮಳೆ | ಫೆಬ್ರವರಿ 9, ರಾತ್ರಿ

ಅಕ್ಕಾ, ಶುರು ಮಾಡಿ. ನಮ್ಮೂರಲ್ಲೂ ನಿಮ್ಮಂಥವರು ಒಬ್ಬರು ಇದ್ದಿದ್ದರೆ ಅನ್ನಿಸುತ್ತದೆ. ನಮ್ಮಮ್ಮನಿಗೆ ಪೇಟೆಗೆ ಹೋಗಿ ಕಲಿಯುವ ಅನುಕೂಲ ಇಲ್ಲ. ಬೆಳಗಿನ ಮೊದಲ ಬಸ್ಸೇ ಏಳೂವರೆಗೆ.

ಭದ್ರಾವತಿ ಹಳಬ | ಫೆಬ್ರವರಿ 10

ದಯವಿಟ್ಟು ಅವಸರ ಮಾಡಬೇಡಿ ತಾಯಿ. ನಮ್ಮ ತಂದೆಗೆ ಬಿಪಿ ಇತ್ತು. ಒಂದು ಕಡೆ ತರಗತಿಗೆ ಸೇರಿದರು. ಹೇಳಿಕೊಡುವವರು ಏನೂ ಕೇಳಲಿಲ್ಲ, ಎಲ್ಲರ ಜೊತೆ ಇವರಿಗೂ ಜೋರಾಗಿ ಕಪಾಲಭಾತಿ, ಅಂದರೆ ಹೊಟ್ಟೆ ಒಳಗೆಳೆದು ಉಸಿರನ್ನು ರಭಸದಿಂದ ಹೊರಗೆ ತಳ್ಳುವುದು, ಮಾಡಿಸಿದರು. ಎದ್ದು ನಿಂತವರು ತಲೆ ಸುತ್ತಿ ಬಿದ್ದರು. ಮಣಿಕಟ್ಟು ಮುರಿಯಿತು. ಹೇಳಿಕೊಟ್ಟವರು ಕೆಟ್ಟವರಲ್ಲ. ತಮಗೆ ಒಳ್ಳೆಯದಾಗಿದ್ದು ಎಲ್ಲರಿಗೂ ಆಗುತ್ತದೆ ಅಂತ ನಂಬಿದ್ದರು, ಅಷ್ಟೇ. ಆ ನಂಬಿಕೆಯೇ ನನಗೆ ಭಯ.

ಕೇಂದ್ರದ ಆಯುಷ್ ಸಚಿವಾಲಯದ ಕೆಳಗೆ ಯೋಗ ಸರ್ಟಿಫಿಕೇಷನ್ ಬೋರ್ಡ್ ಇದೆ. ಯೋಗ ಪ್ರೋಟೋಕಾಲ್ ಇನ್‌ಸ್ಟ್ರಕ್ಟರ್ ಅನ್ನುವ ಹಂತಕ್ಕೆ 200 ಗಂಟೆ ಕಲಿಕೆ, ಅದರ ಮೇಲಿನ ವೆಲ್‌ನೆಸ್ ಇನ್‌ಸ್ಟ್ರಕ್ಟರ್‌ಗೆ 400, ಟೀಚರ್ ಹಂತಕ್ಕೆ 800. ಬರವಣಿಗೆಯ ಪರೀಕ್ಷೆಯೂ ಇದೆ, ಮಾಡಿ ತೋರಿಸುವುದೂ ಇದೆ. ಮೊದಲನೆಯದನ್ನಾದರೂ ಮುಗಿಸಿ, ಆಮೇಲೆ ಕಲಿಸಿ. ಇದು ನನ್ನ ಖಚಿತ ಅಭಿಪ್ರಾಯ.

ಗೋಪಾಳದ ಮೇಷ್ಟ್ರು | ಫೆಬ್ರವರಿ 11, ಬೆಳಿಗ್ಗೆ

ಹಳಬರ ಮಾತು ಪೂರ್ತಿ ಒಪ್ಪುತ್ತೇನೆ, ಕೊನೆಯ ಸಾಲೊಂದನ್ನು ಬಿಟ್ಟು. ಅದು ಯಾಕೆ ಅಂತ ಹೇಳಲು ನನ್ನ ಕತೆ ಸ್ವಲ್ಪ ಹೇಳಬೇಕು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದವನು. 44ನೇ ವಯಸ್ಸಿನಲ್ಲಿ ಉಬ್ಬಸ ಜಾಸ್ತಿಯಾಗಿ ಯೋಗಕ್ಕೆ ಬಂದೆ. ಶಿವಮೊಗ್ಗದಲ್ಲಿ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಬೆಳಿಗ್ಗೆ ಐದೂವರೆಗೆ ತರಗತಿ. ಐದು ವರ್ಷ ಹಿಂದಿನ ಸಾಲಿನಲ್ಲಿ ಕೂತು ಮಾಡಿದೆ. ಒಂದು ದಿನ ಹೇಳಿಕೊಡುತ್ತಿದ್ದವರಿಗೆ ವರ್ಗವಾಯಿತು. ಹೋಗುವಾಗ ಭವನದ ಬೀಗದ ಕೈ ನನ್ನ ಕೈಗೆ ಇಟ್ಟು, "ನಾಳೆಯಿಂದ ಬಾಗಿಲು ನೀವು ತೆಗೀರಿ" ಅಂದರು. ಅಷ್ಟೇ. ಹತ್ತೊಂಬತ್ತು ವರ್ಷವಾಯಿತು.

ಮೊದಲ ವಾರ ನಾನು ಏನು ಮಾಡಿದೆ ಗೊತ್ತಾ? ನನ್ನ ಅಭ್ಯಾಸವನ್ನೇ ಅವರ ಮುಂದೆ ಮಾಡಿದೆ. ನನ್ನ ಉಸಿರಿನ ವೇಗಕ್ಕೆ, ನನ್ನ ಮೈ ಬಗ್ಗುವಷ್ಟು. ಕಣ್ಣು ಬಿಟ್ಟು ನೋಡಿದರೆ ಅರ್ಧ ಜನ ಸುಮ್ನೆ ಕೂತಿದ್ದರು. ನಾನು ಯೋಗ ಮಾಡುತ್ತಿದ್ದೆ, ಕಲಿಸುತ್ತಿರಲಿಲ್ಲ. ಇವೆರಡೂ ಬೇರೆ ಕೆಲಸ ಅಂತ ಗಣಿತದ ಮೇಷ್ಟ್ರಾದ ನನಗೇ ಹೊಳೆದಿರಲಿಲ್ಲ. ಲೆಕ್ಕ ಬರುವ ಎಲ್ಲರೂ ಲೆಕ್ಕ ಹೇಳಿಕೊಡಲಾರರು, ಅಲ್ವಾ?

ಯೋಗ ಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರನ್ನು ನೋಡಿ. ಕೋಲಾರ ಜಿಲ್ಲೆಯ ಬೆಳ್ಳೂರಿನವರು, ಹುಟ್ಟಿದ್ದು 1918ರಲ್ಲಿ. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲ ಬಂದು ಹೋಗಿದ್ದ ಬಡಕಲು ಹುಡುಗ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸುತ್ತಿದ್ದ ಅಕ್ಕನ ಗಂಡ ಕೃಷ್ಣಮಾಚಾರ್ಯರ ಹತ್ತಿರ 1934ರಲ್ಲಿ ಬಂದರು. 1937ರಲ್ಲಿ ಅವರನ್ನು ಕಲಿಸಲಿಕ್ಕೆ ಅಂತ ಪುಣೆಗೆ ಕಳಿಸಿದಾಗ ವಯಸ್ಸು 18. ಮರಾಠಿ ಬರುತ್ತಿರಲಿಲ್ಲ. ಕಲಿಯಲು ಬಂದವರಲ್ಲಿ ಎಷ್ಟೋ ಜನ ಇವರಿಗಿಂತ ಗಟ್ಟಿಮುಟ್ಟಾದವರು. ಆ ಹುಡುಗ ದಿನಕ್ಕೆ ಹತ್ತಾರು ಸಲ ಒಂದೊಂದು ಆಸನವನ್ನು ತನ್ನ ಮೈಮೇಲೆ ಮಾಡಿ ನೋಡಿ, ಎಲ್ಲಿ ಎಳೆಯುತ್ತದೆ, ಎಲ್ಲಿ ಭಾರ ಬೀಳುತ್ತದೆ ಅಂತ ತಿಳಿದುಕೊಂಡು ಕಲಿಸಿದ. ಮುಂದೆ ಇಟ್ಟಿಗೆಯಂಥ ಮರದ ತುಂಡು, ಹಗ್ಗ, ಕುರ್ಚಿ, ಕಂಬಳಿ ಎಲ್ಲ ಬಳಸಿದರು. ಬಗ್ಗದ ಮೈಗೂ ಆಸನ ಸಿಗಲಿ ಅಂತ. ಕಾಯಿಲೆ ಬಿದ್ದ ಮೈಯೇ ಅವರ ಮೊದಲ ಪುಸ್ತಕ.

ನಿಮಗೂ ಅದೇ ಹೇಳುವುದು ತಂಗಿ. ನಿಮ್ಮ ಸೊಂಟ ನೋವೇ ನಿಮ್ಮ ಪುಸ್ತಕ. ನೀವು ಎಷ್ಟು ದಾರಿ ನಡೆದಿದ್ದೀರೋ ಅಷ್ಟನ್ನೇ ತೋರಿಸಿ. ಶೀರ್ಷಾಸನ ಬೇಡ, ಯಾರಿಗೂ ಕುಂಭಕ, ಅಂದರೆ ಉಸಿರು ಹಿಡಿಯುವುದು, ಬೇಡ. ಸರ್ಟಿಫಿಕೇಟ್ ಕಲಿಕೆ ಖಂಡಿತ ಮಾಡಿ. ಆದರೆ ಅದು ಮುಗಿಯುವ ತನಕ ಪಕ್ಕದ ಮನೆಯವರಿಗೆ ನೆಟ್ಟಗೆ ನಿಲ್ಲುವುದನ್ನು, ಉಸಿರು ಗಮನಿಸುವುದನ್ನು ಹೇಳಿಕೊಡಲಿಕ್ಕೂ ಕಾಯಬೇಕು ಅಂತ ನನಗೆ ಅನ್ನಿಸುವುದಿಲ್ಲ.

ಮೊದಲು ಒಂದು ಕೆಲಸ ಮಾಡಿ. ಮಗಳನ್ನು ನಿಲ್ಲಿಸಿ, ನೀವು ಅವಳಿಗೆ ಬೆನ್ನು ಹಾಕಿ ಕೂತು, ಬರೀ ಮಾತಿನಲ್ಲಿ ತಾಡಾಸನ, ಅಂದರೆ ನೆಟ್ಟಗೆ ನಿಲ್ಲುವ ಆಸನ, ಮಾಡಿಸಿ. ತೋರಿಸಬಾರದು. ಮುಗಿದ ಮೇಲೆ ತಿರುಗಿ ನೋಡಿ. ಏನಾಯಿತು ಅಂತ ಇಲ್ಲಿ ಬರೆಯಿರಿ.

ಮೂಳೆಮಾತು | ಫೆಬ್ರವರಿ 11, ಸಂಜೆ

ನಾನು ಫಿಸಿಯೋಥೆರಪಿಸ್ಟ್, ಶಿವಮೊಗ್ಗದಲ್ಲೇ. ನಿಮ್ಮ ನಾದಿನಿಗೆ ಏನಾಗಿರಬಹುದು ಅಂತ ಹೇಳುತ್ತೇನೆ. ಅದು ತಿಳಿದರೆ ನಿಮ್ಮ ಹೆದರಿಕೆ ಎಚ್ಚರವಾಗಿ ಬದಲಾಗುತ್ತದೆ.

ಕಾಲು ಚಾಚಿ ಕೂತಾಗ ತೊಡೆಯ ಹಿಂದಿನ ಸ್ನಾಯು ಬಿಗಿಯಾಗಿದ್ದರೆ ಅದು ಸೊಂಟದ ಮೂಳೆಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಆಗ ಬಗ್ಗುವುದು ಸೊಂಟದ ಕೀಲಿನಿಂದ ಅಲ್ಲ, ಕೆಳಬೆನ್ನಿನಿಂದ. ಬೆನ್ನುಮೂಳೆ ಬಿಲ್ಲಿನ ಹಾಗೆ ಬಾಗುತ್ತದೆ, ಮೂಳೆಗಳ ನಡುವಿನ ಡಿಸ್ಕ್ ಮೇಲೆ ಒತ್ತಡ ಬೀಳುತ್ತದೆ. ಅದರ ಮೇಲೆ ಇನ್ನೊಬ್ಬರ ಕೈ ಭಾರ ಬೇರೆ. "ಸ್ವಲ್ಪವೇ" ಅಂದಿರಿ. ಆ ಸ್ಥಿತಿಯಲ್ಲಿ ಸ್ವಲ್ಪವೂ ಜಾಸ್ತಿಯೇ. ಮಂಡಿ ಮಡಿಸಿ, ಮಡಚಿದ ಕಂಬಳಿ ಮೇಲೆ ಕೂರಿಸಿದ್ದರೆ ಇಷ್ಟು ಆಗುತ್ತಿರಲಿಲ್ಲ. ಬೆನ್ನು ಒತ್ತುವುದನ್ನು ಮಾತ್ರ ಇನ್ನು ಮೇಲೆ ಪೂರ್ತಿ ಬಿಡಿ.

ಇನ್ನೊಂದು ಮುಖ್ಯ ವಿಷಯ. ಅಡಿಕೆ ಸುಲಿಯುವವರು ಗಂಟೆಗಟ್ಟಲೆ ಮುಂದಕ್ಕೇ ಬಗ್ಗಿರುತ್ತಾರೆ. ಅವರಿಗೆ ಮತ್ತೆ ಮುಂದೆ ಬಗ್ಗುವ ಆಸನ ಕೊಟ್ಟು ಏನು ಪ್ರಯೋಜನ? ಅವರಿಗೆ ಬೇಕಾಗಿರುವುದು ಎದುರು ದಿಕ್ಕಿನದು. ಬೋರಲು ಮಲಗಿ ಎದೆ ಸ್ವಲ್ಪವೇ ಎತ್ತುವ ತಗ್ಗಿನ ಭುಜಂಗಾಸನ, ಅಂಗಾತ ಮಲಗಿ ಸೊಂಟ ಎತ್ತುವ ಸೇತುಬಂಧ, ಒಂದೊಂದೇ ಕಾಲು ಎತ್ತುವ ಅರ್ಧ ಶಲಭಾಸನ. ಭುಜ, ಕತ್ತು, ಮಣಿಕಟ್ಟು ಸಡಿಲ ಮಾಡುವ ಚಲನೆ. ಇಷ್ಟರಲ್ಲೇ ಅವರಿಗೆ ಹಗುರ ಆಗುತ್ತದೆ.

ಮೊದಲ ದಿನವೇ ಒಬ್ಬೊಬ್ಬರನ್ನೇ ಕರೆದು ಕೇಳಿ. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಹರ್ನಿಯಾ, ಆಪರೇಷನ್ ಆಗಿದೆಯಾ, ತಲೆ ಸುತ್ತು ಬರುತ್ತದಾ, ಕಣ್ಣಿನ ಒತ್ತಡ ಅಂದರೆ ಗ್ಲಾಕೋಮಾ ಇದೆಯಾ, ಬಸುರಿಯಾ. ಎಲ್ಲರೆದುರು ಕೇಳಬೇಡಿ, ಹೇಳುವುದಿಲ್ಲ. ಬಿಪಿ ಇದ್ದವರಿಗೆ ಕಪಾಲಭಾತಿ ಇಲ್ಲ, ತಲೆ ಕೆಳಗಾಗುವ ಆಸನ ಇಲ್ಲ, ಉಸಿರು ಹಿಡಿಯುವುದು ಇಲ್ಲ. ನೋವು ಕಾಲಿಗೆ ಇಳಿಯುತ್ತದೆ, ಪಾದ ಜೋಮು ಹಿಡಿಯುತ್ತದೆ ಅಂದರೆ ಅಂಥವರು ಮೊದಲು ಡಾಕ್ಟರ ಹತ್ತಿರ ಹೋಗಬೇಕು. ಅವರಿಗೆ ನೀವು ಏನನ್ನೂ ಮಾಡಿಸಬೇಡಿ.

ಕಂಬಳಿಕೊಪ್ಪೆ | ಫೆಬ್ರವರಿ 14

ಮೂಳೆಮಾತು ಅವರೇ, ಮೂರು ವರ್ಷದಿಂದ ಮನಸ್ಸಲ್ಲಿದ್ದ ಗಂಟು ಬಿಚ್ಚಿದ ಹಾಗಾಯಿತು. ನನ್ನ ಕೈ ಯಾಕೆ ತಪ್ಪಿತು ಅಂತ ಇವತ್ತು ತಿಳಿಯಿತು. ನಾದಿನಿಗೆ ಫೋನ್ ಮಾಡಿ ಹೇಳಿದೆ.

ಮೇಷ್ಟ್ರೇ, ನೀವು ಹೇಳಿದ ಹಾಗೆ ಮಾಡಿದೆ. ಮಗಳಿಗೆ ಬೆನ್ನು ಹಾಕಿ ಕೂತು ಹೇಳಿದೆ, "ನೆಟ್ಟಗೆ ನಿಲ್ಲು, ಉಸಿರು ತಗೊಂಡು ಕೈ ಮೇಲೆತ್ತು, ಮೈಯನ್ನು ಮೇಲಕ್ಕೆ ಎಳೆ." ತಿರುಗಿ ನೋಡಿದರೆ ಹೊಟ್ಟೆ ಮುಂದೆ, ಭುಜ ಕಿವಿಗೆ ಅಂಟಿದೆ, ಕಾಲು ಎರಡು ಅಡಿ ಅಗಲ. ನಾನು ಪಾದದ ಮಾತೇ ಎತ್ತಿರಲಿಲ್ಲ! ಹನ್ನೊಂದು ವರ್ಷದಿಂದ ಪಾದ ತನ್ನಷ್ಟಕ್ಕೆ ಸರಿಯಾಗಿ ನಿಲ್ಲುತ್ತಿದೆ. ಹಾಗಾಗಿ ಅದನ್ನು ಹೇಳಬೇಕು ಅಂತಲೇ ತೋಚಲಿಲ್ಲ.

ಮೂರು ದಿನದಿಂದ ಬೆಳಿಗ್ಗೆ ನನ್ನ ಅಭ್ಯಾಸವನ್ನೇ ನಿಧಾನ ಮಾಡಿ, ಪ್ರತಿಯೊಂದನ್ನೂ ಬಾಯಿಬಿಟ್ಟು ಹೇಳಿಕೊಂಡು ಮಾಡುತ್ತಿದ್ದೇನೆ. ಭಾರ ಹಿಮ್ಮಡಿಗೆ ಬಂತು, ಮಂಡಿಚಿಪ್ಪು ಮೇಲೆ ಹೋಯಿತು, ಉಸಿರು ಇಲ್ಲಿ ನಿಂತಿತು. ಏನೇನೋ ಹೊಸದು ಕಾಣುತ್ತಿದೆ. ನನಗೆ ಗೊತ್ತಿದೆ ಅಂದುಕೊಂಡಿದ್ದ ಆಸನಗಳೇ.

ಗೋಪಾಳದ ಮೇಷ್ಟ್ರು | ಫೆಬ್ರವರಿ 14

ಭೇಷ್. ಪತಂಜಲಿಯ ಸೂತ್ರದಲ್ಲಿ ಅಭ್ಯಾಸಕ್ಕೆ ಮೂರು ಮಾತು ಹೇಳಿದೆ. ದೀರ್ಘಕಾಲ, ನಿರಂತರವಾಗಿ, ಆದರದಿಂದ. ಮೊದಲ ಎರಡು ನಿಮ್ಮಲ್ಲಿ ಹನ್ನೊಂದು ವರ್ಷದಿಂದ ಇವೆ. ಮೂರನೆಯದು ಈಗ ನೀವು ಮಾಡುತ್ತಿರುವುದು ಅಂತ ನನ್ನ ಅನಿಸಿಕೆ.

ಒಂದು ಸಣ್ಣ ಸೂಚನೆ. ಅವರ ಎದುರು ನಿಂತು ತೋರಿಸುವಾಗ ಬಾಯಲ್ಲಿ "ಬಲಗೈ" ಅನ್ನಿ, ಎತ್ತುವುದು ನಿಮ್ಮ ಎಡಗೈ. ಕನ್ನಡಿಯ ಹಾಗೆ. ಒಂದು ವಾರ ತಡವರಿಸುತ್ತೀರಿ, ಆಮೇಲೆ ಸಲೀಸು.

ವರದಾಮೂಲ | ಫೆಬ್ರವರಿ 16

ಸಾಗರದಿಂದ. ಇಲ್ಲಿ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ.

ನಾನು ಆರು ವರ್ಷ ಅಭ್ಯಾಸ ಮಾಡಿ, ತರಬೇತಿ ಮುಗಿಸಿ, ಸರ್ಟಿಫಿಕೇಟ್ ಪಡೆದು ಕಲಿಸಲು ಶುರು ಮಾಡಿದೆ. ನಾಲ್ಕು ವರ್ಷ ಕಲಿಸಿದೆ. ಬೆಳಿಗ್ಗೆ ಎರಡು ಬ್ಯಾಚ್, ಸಂಜೆ ಒಂದು. ಜನ ಬಂದರು, ಹೆಸರೂ ಬಂತು. ಆದರೆ ನನ್ನ ಅಭ್ಯಾಸ ಯಾವತ್ತು ನಿಂತಿತು ಅಂತ ನನಗೇ ತಿಳಿಯಲಿಲ್ಲ. ದಿನಕ್ಕೆ ಮೂರು ಹೊತ್ತು ಆಸನ ಮಾಡುತ್ತಿದ್ದೆನಲ್ಲ, ಬೇರೆ ಯಾಕೆ ಅಂದುಕೊಂಡೆ. ಅದು ಅಭ್ಯಾಸ ಆಗಿರಲಿಲ್ಲ. ಕಣ್ಣು ಅವರ ಮೇಲೆ, ಬಾಯಲ್ಲಿ ಎಣಿಕೆ, ಮೈ ತಣ್ಣಗಿದ್ದಾಗಲೇ ಪೂರ್ತಿ ತಿರುಗಿ ತೋರಿಸುವುದು. ಅದೂ ಯಾವಾಗಲೂ ಒಂದೇ ಪಕ್ಕ, ಯಾಕೆಂದರೆ ಇನ್ನೊಂದು ಪಕ್ಕ ಅವರು ಮಾಡುವಾಗ ನಾನು ಓಡಾಡಿ ನೋಡಬೇಕಲ್ಲ. ಮೂರನೇ ವರ್ಷ ಬಲ ಸೊಂಟದಲ್ಲಿ ನೋವು ಶುರುವಾಯಿತು. ಅದಕ್ಕಿಂತ ಕಷ್ಟವಾಗಿದ್ದು ಮನಸ್ಸಿಗೆ. ಶವಾಸನದಲ್ಲಿ ಎಲ್ಲರಿಗೂ "ಬಿಟ್ಟುಬಿಡಿ, ಬಿಟ್ಟುಬಿಡಿ" ಅನ್ನುತ್ತಾ ನಾನು ಗಡಿಯಾರ ನೋಡುತ್ತಿದ್ದೆ. ಒಂದು ದಿನ ಆ ದನಿ ನನಗೇ ಸುಳ್ಳು ಅನ್ನಿಸಿತು. ನಿಲ್ಲಿಸಿದೆ.

ಒಂದು ವರ್ಷ ಸುಮ್ಮನಿದ್ದು, ಬರೀ ನನಗಾಗಿ ಮಾಡಿಕೊಂಡೆ. ಈಗ ಮತ್ತೆ ಕಲಿಸುತ್ತೇನೆ, ದಿನಕ್ಕೆ ಒಂದೇ ಬ್ಯಾಚ್. ತೋರಿಸುವುದು ತೀರಾ ಕಡಿಮೆ, ಹೇಳುವುದು ಜಾಸ್ತಿ. ಅಕ್ಕಾ, ನಿಮ್ಮ ಐದು ಗಂಟೆಯ ಉಪ್ಪರಿಗೆ ಇದೆಯಲ್ಲ, ಅದನ್ನು ಯಾರಿಗೂ ಕೊಡಬೇಡಿ. ತರಗತಿ ಬೇರೆ ಹೊತ್ತಿಗೆ ಇಟ್ಟುಕೊಳ್ಳಿ. ನೀವು ಅವರಿಗೆ ಕೊಡುವುದೆಲ್ಲ ಬರುವುದು ಆ ಮುಕ್ಕಾಲು ಗಂಟೆಯಿಂದ.

ಹೊಸನಗರದ ಮಳೆ | ಫೆಬ್ರವರಿ 16

ಫೀಸು ತೆಗೆದುಕೊಳ್ಳಬೇಕಾ ಬೇಡವಾ? ಅದನ್ನೂ ಯಾರಾದರೂ ಹೇಳಿ.

ವರದಾಮೂಲ | ಫೆಬ್ರವರಿ 17

ಹೊಟ್ಟೆಪಾಡಿಗೆ ಕಲಿಸುವವರು ತೆಗೆದುಕೊಳ್ಳಲೇಬೇಕು, ಅದರಲ್ಲಿ ಸಂಕೋಚ ಬೇಡ. ನಾನು ತೆಗೆದುಕೊಳ್ಳುತ್ತೇನೆ. ಕರ್ನಾಟಕದ ಎಷ್ಟೋ ಊರುಗಳಲ್ಲಿ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿಯವರು ಬೆಳಿಗ್ಗೆ ಉಚಿತವಾಗಿ ನಡೆಸುತ್ತಾರೆ. ಅಲ್ಲಿ ಕಲಿತವರೇ ಮುಂದೆ ಕಲಿಸುವವರಾಗುತ್ತಾರೆ. ಎರಡೂ ದಾರಿ ಸರಿಯೇ. ಪಕ್ಕದ ಮನೆಯವರಾದರೆ ದುಡ್ಡಿನ ಮಾತು ಬರದಿರುವುದೇ ಒಳ್ಳೆಯದು ಅಂತ ನನ್ನ ಮನಸ್ಸು. ಹೇಗೂ ಅವರು ಬರಿಗೈಲಿ ಬರುವುದಿಲ್ಲ.

ಭದ್ರಾವತಿ ಹಳಬ | ಫೆಬ್ರವರಿ 18

ಎಲ್ಲ ಓದಿದೆ. ಆರು ಜನರನ್ನೂ ಒಬ್ಬೊಬ್ಬರನ್ನೇ ಕೇಳಿಯೇ ಶುರು ಮಾಡುತ್ತೀರಿ ಅಂತಾದರೆ ನನ್ನ ಅಡ್ಡಿ ಇಲ್ಲ. ಸರ್ಟಿಫಿಕೇಟಿನ ಮಾತು ಮಾತ್ರ ಬಿಡುವುದಿಲ್ಲ. ಅದನ್ನು ಕಾಗದ ಅಂತ ನೋಡಬೇಡಿ. ಬೇರೆಯವರ ಕಣ್ಣೆದುರು ನೀವು ಕಲಿಸಬೇಕಾಗುತ್ತದೆ, ಅವರು ತಪ್ಪು ತೋರಿಸುತ್ತಾರೆ. ಅದು ಮನೆಯಲ್ಲಿ ಸಿಗುವುದಿಲ್ಲ. ಸದ್ಯಕ್ಕೆ ಯೋಗ ದಿನಕ್ಕೆ ಅಂತ ಆಯುಷ್‌ನವರು ಮಾಡಿರುವ 45 ನಿಮಿಷದ ಸಾಮಾನ್ಯ ಯೋಗ ಕ್ರಮ ಇದೆಯಲ್ಲ, ಅದನ್ನೇ ಅಡಿಪಾಯ ಮಾಡಿಕೊಳ್ಳಿ. ಅದರಲ್ಲಿ ಕಪಾಲಭಾತಿಯೂ ಬರುತ್ತದೆ, ಅದನ್ನು ಬಿಟ್ಟು ಮಾಡಿಸಿ.

ಕಂಬಳಿಕೊಪ್ಪೆ | ಮಾರ್ಚ್ 27

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ತರಗತಿ ಶುರುವಾಗಿ ಎರಡು ವಾರ. ಮಧ್ಯಾಹ್ನ ಊಟಕ್ಕೆ ಮುಂಚೆ, ಹನ್ನೊಂದಕ್ಕೆ. ಬೆಳಗಿನ ತಿಂಡಿಯಾಗಿ ಮೂರು ಗಂಟೆ ಕಳೆದಿರುತ್ತದೆ, ಗಂಡಸರು ತೋಟದಲ್ಲಿರುತ್ತಾರೆ. ಜಾಗ ನಮ್ಮ ಅಡಿಕೆ ಬೇಯಿಸುವ ಮನೆ. ಗುಡಿಸಿ, ಚಾಪೆ ಹಾಸಿದ್ದೇವೆ.

ಒಬ್ಬೊಬ್ಬರನ್ನೇ ಕೇಳಿದಾಗ ಗೊತ್ತಾಗಿದ್ದು ಕೇಳಿ. ಆರರಲ್ಲಿ ಇಬ್ಬರಿಗೆ ಬಿಪಿ. ಒಬ್ಬರಿಗೆ ಗರ್ಭಕೋಶದ ಆಪರೇಷನ್ ಆಗಿದೆ, ಅದು ಇಷ್ಟು ವರ್ಷ ಪಕ್ಕದಲ್ಲೇ ಇದ್ದ ನನಗೆ ಗೊತ್ತಿರಲಿಲ್ಲ. ಒಬ್ಬಳಿಗೆ ಎಡಗಾಲು ಜೋಮು. ಅವಳನ್ನು ಡಾಕ್ಟರ ಹತ್ತಿರ ಕಳಿಸಿದೆ, ಈಗ ಅವಳು ಔಷಧಿಯಲ್ಲಿದ್ದಾಳೆ. ಕೇಳದೇ ಶುರು ಮಾಡಿದ್ದರೆ? ಹಳಬರೇ, ನಿಮ್ಮ ತಂದೆಯ ವಿಷಯ ಬರೆದಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ.

ದೊಡ್ಡಮ್ಮನಿಗೆ ನೆಲಕ್ಕೆ ಮಲಗಿ ಏಳುವುದೇ ಕಷ್ಟ. ಮೊದಲ ದಿನ ಶವಾಸನದಿಂದ ಎದ್ದೇಳಲಾಗದೆ ಅವರ ಮುಖ ಸಪ್ಪೆಯಾಯಿತು. ಮಾರನೇ ದಿನದಿಂದ ಅವರಿಗೆ ಎಲ್ಲವೂ ಗೋಡೆ ಹಿಡಿದು, ಕುರ್ಚಿಯಲ್ಲಿ ಕೂತು. ಏಳುವುದನ್ನೇ ಒಂದು ಪಾಠ ಮಾಡಿದೆ. ಬಲಕ್ಕೆ ಹೊರಳು, ಮಂಡಿ ಮಡಿಸು, ಎಡಗೈ ಊರು, ತಲೆ ಕೊನೆಗೆ ಬರಲಿ. ಒಂಬತ್ತನೇ ದಿನ ಒಬ್ಬರೇ ಎದ್ದರು. ಎದ್ದು ಏನೂ ಮಾತಾಡಲಿಲ್ಲ. ಸೆರಗು ಸರಿ ಮಾಡಿಕೊಂಡು ಮತ್ತೆ ಮಲಗಿ, ಇನ್ನೊಂದು ಸಲ ಎದ್ದು ನೋಡಿದರು.

ಮಾತಿನ ವಿಷಯದಲ್ಲಿ ತುಂಬ ಕಲಿಯುತ್ತಿದ್ದೇನೆ. "ಭುಜ ಸಡಿಲ ಬಿಡಿ" ಅಂದರೆ ಯಾರ ಭುಜವೂ ಇಳಿಯುವುದಿಲ್ಲ. "ತಲೆ ಮೇಲಿನ ಸೊಪ್ಪಿನ ಹೊರೆ ಕೆಳಗಿಟ್ಟ ಹಾಗೆ" ಅಂದೆ, ಎಲ್ಲರ ಭುಜ ಒಟ್ಟಿಗೆ ಇಳಿಯಿತು. ಈ ಮಾತು ನಾನು ಕಲಿತ ತರಗತಿಯಲ್ಲಿ ಇರಲಿಲ್ಲ.

ಮೂಳೆಮಾತು | ಮಾರ್ಚ್ 28

ಆ ಏಳುವ ಪಾಠ ಒಂದೇ ಸಾಕು. ವಯಸ್ಸಾದವರು ಬಿದ್ದಾಗ ಎಷ್ಟೋ ಸಲ ಪೆಟ್ಟಿಗಿಂತ ದೊಡ್ಡ ತೊಂದರೆ ನೆಲದಿಂದ ಏಳಲಾಗದೆ ಬಿದ್ದೇ ಇರುವುದು. ನಾನು ಇದನ್ನು ರೋಗಿಗಳಿಗೆ ದಿನವೂ ಹೇಳಿಕೊಡುತ್ತೇನೆ.

ಕಂಬಳಿಕೊಪ್ಪೆ | ಜೂನ್ 23

ಮಳೆ ಹಿಡಿದಿದೆ. ಮೊನ್ನೆ 21ಕ್ಕೆ ಯೋಗ ದಿನ ಅಂತ ಪಂಚಾಯ್ತಿಯಿಂದ ಕರೆದಿದ್ದರು. ನಮ್ಮವರು ಹೋಗಲಿಲ್ಲ, ಹಳ್ಳ ತುಂಬಿ ಸಂಕ ದಾಟುವ ಹಾಗಿರಲಿಲ್ಲ. ನಮ್ಮಲ್ಲೇ ಮಾಡಿದೆವು. ತಗಡಿನ ಮೇಲೆ ಮಳೆ ಸದ್ದಿಗೆ ನನ್ನ ದನಿ ಯಾರಿಗೂ ಕೇಳಲಿಲ್ಲ. ಹೇಳುವುದು ಬಿಟ್ಟು ಸುಮ್ಮನೆ ಅವರ ನಡುವೆ ಓಡಾಡಿದೆ. ಅವರಷ್ಟಕ್ಕೆ ಅವರು ಕೊನೆ ತನಕ ಮಾಡಿದರು, ಉಸಿರು ತಪ್ಪದೆ.

200 ಗಂಟೆಯ ಕಲಿಕೆಗೆ ಸೇರಿದ್ದೇನೆ. ವಾರಕ್ಕೆ ಎರಡು ದಿನ ಶಿವಮೊಗ್ಗಕ್ಕೆ ಹೋಗಿ ಬರುತ್ತೇನೆ. ಐದು ಗಂಟೆಯ ಉಪ್ಪರಿಗೆ ಹಾಗೇ ಇದೆ, ವರದಾಮೂಲ ಅವರೇ. ಆ ಹೊತ್ತಿಗೆ ಬರಲಾ ಅಂತ ಇಬ್ಬರು ಕೇಳಿದರು. ಇಲ್ಲ ಅಂದೆ. ಹೇಳುವಾಗ ಕಷ್ಟವಾಯಿತು.

ಈಗ ಒಂದು ಪ್ರಶ್ನೆ. ಕೆಳಗಿನ ಕೇರಿಯ ಹುಡುಗಿಯೊಬ್ಬಳು ಐದು ತಿಂಗಳ ಬಸುರಿ. ಅವಳಿಗೂ ಸೊಂಟ ನೋವು, ತಾನೂ ಬರುತ್ತೇನೆ ಅನ್ನುತ್ತಾಳೆ. ನನಗೆ ಬಸುರಿಯರಿಗೆ ಕಲಿಸಿ ಗೊತ್ತಿಲ್ಲ.

ಗೋಪಾಳದ ಮೇಷ್ಟ್ರು | ಜೂನ್ 23

ನಾನೂ ಕಲಿಸುವುದಿಲ್ಲ ತಂಗಿ. ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಇಲ್ಲ. ಅದಕ್ಕೆ ಬೇರೆಯದೇ ಕಲಿಕೆ ಬೇಕು.

ಮೂಳೆಮಾತು | ಜೂನ್ 24

ಅವಳನ್ನು ನೋಡುವ ಡಾಕ್ಟರನ್ನು ಕೇಳಿ, ಬಸುರಿಯರಿಗೆ ಕಲಿಸಿ ಅನುಭವ ಇರುವವರ ಹತ್ತಿರ ಕಳಿಸಿ. ಹೊಟ್ಟೆ ಮೇಲೆ ಮಲಗುವುದು, ಹೊಟ್ಟೆ ಹಿಂಡುವ ತಿರುವು, ಕಪಾಲಭಾತಿ ಯಾವುದೂ ಬೇಡ. ನಿಮ್ಮ ಅನುಮಾನ ಸರಿಯಾಗೇ ಇದೆ.

ಕಂಬಳಿಕೊಪ್ಪೆ | ಜೂನ್ 26

ಅವಳಿಗೆ ಹಾಗೇ ಹೇಳಿದೆ. ಡಾಕ್ಟರು ತೀರ್ಥಹಳ್ಳಿಯಲ್ಲೇ ಒಬ್ಬರನ್ನು ಹೇಳಿದ್ದಾರಂತೆ. ವಾರಕ್ಕೊಂದು ದಿನ ಅತ್ತೆ ಕರೆದುಕೊಂಡು ಹೋಗುತ್ತಾರೆ. ಉಳಿದ ದಿನ ಹನ್ನೊಂದಕ್ಕೆ ನಮ್ಮಲ್ಲಿಗೆ ಬರುತ್ತಾಳೆ. ಗೋಡೆಗೆ ಒರಗಿ, ದೊಡ್ಡಮ್ಮನ ಕುರ್ಚಿ ಪಕ್ಕ ಕೂತು ನೋಡುತ್ತಾಳೆ, ಅಷ್ಟೇ.